ಸಕ್ಕರೆ ಕಾಯಿಲೆ, ನಿದ್ರೆ ಮತ್ತು ಸ್ನಾಯು ಸೆಳೆತದ ಮಾತ್ರೆಗಳು ಒಟ್ಟಿಗೆ ದೇಹದಲ್ಲಿ ಹೇಗೆ ಕೆಲಸ ಮಾಡುತ್ತವೆ?

ಪ್ರಶ್ನೆ
ನಮ್ಮ ತಾಯಿಯವರಿಗೆ ಎಪ್ಪತ್ತು ದಾಟಿದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಕೂಡಿರುವ ಮಾತ್ರೆ, ನಿದ್ರೆಗೆ 10 ಮಿಲಿಗ್ರಾಂ ಜೋಲ್ಪಿಡೆಮ್, ಪಾರ್ಶ್ವವಾಯುವಿನ ನಂತರ ಬಿಗಿದುಕೊಂಡಿರುವ ಕಾಲಿಗೆ ಬ್ಯಾಕ್ಲೋಫೆನ್ ತೆಗೆದುಕೊಳ್ಳುತ್ತಿದ್ದಾರೆ. ಇವನ್ನು ಬರೆದುಕೊಟ್ಟವರು ಬೇರೆ ಬೇರೆ ವೈದ್ಯರು. ಬೆಳಿಗ್ಗೆ ಎದ್ದ ಮೇಲೂ ಬಹಳ ಹೊತ್ತು ಅವರಿಗೆ ಮಂಪರು ಇರುತ್ತದೆ. ಒಂದೊಂದು ಔಷಧವೂ ದೇಹದಲ್ಲಿ ಏನು ಮಾಡುತ್ತದೆ ಎಂದು ದಯವಿಟ್ಟು ತಿಳಿಸಿ.

ಉತ್ತರ 1 (ಔಷಧಶಾಸ್ತ್ರ ಬೋಧಕ)
ಮೆಟ್‌ಫಾರ್ಮಿನ್ ಮುಖ್ಯವಾಗಿ ಯಕೃತ್ತು ಹೊಸದಾಗಿ ಗ್ಲೂಕೋಸ್ ತಯಾರಿಸಿ ರಕ್ತಕ್ಕೆ ಬಿಡುವುದನ್ನು ತಗ್ಗಿಸುತ್ತದೆ. ಇನ್ಸುಲಿನ್ ಸ್ರವಿಸುವಂತೆ ಒತ್ತಾಯಿಸುವುದಿಲ್ಲವಾದ್ದರಿಂದ, ಅದೊಂದನ್ನೇ ತೆಗೆದುಕೊಂಡರೆ ಸಕ್ಕರೆ ಅಪಾಯಕರವಾಗಿ ಕುಸಿಯುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ. ಅದು ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳಲ್ಲಿರುವ ಪೊಟ್ಯಾಸಿಯಂ ದ್ವಾರಗಳನ್ನು ಮುಚ್ಚಿಸಿ ಇನ್ಸುಲಿನ್ ಹೊರಬರುವಂತೆ ಮಾಡುತ್ತದೆ, ಮತ್ತು ನೀವು ಊಟ ಮಾಡಿದ್ದೀರೋ ಇಲ್ಲವೋ ಎಂಬುದನ್ನು ಅದು ನೋಡುವುದಿಲ್ಲ.

ಉಳಿದೆರಡು ಮಾತ್ರೆಗಳು ನರಮಂಡಲದವು. ನರಗಳ ಉದ್ರೇಕವನ್ನು ಶಮನಗೊಳಿಸುವ ಗಾಬಾ ಎಂಬ ರಾಸಾಯನಿಕ ನಮ್ಮಲ್ಲೇ ಇದೆ. ಜೋಲ್ಪಿಡೆಮ್ ಮಿದುಳಿನಲ್ಲಿ ಗಾಬಾದ 'ಎ' ಬಗೆಯ ಗ್ರಾಹಕಗಳ (ನರಕೋಶದಲ್ಲಿ ಗಾಬಾ ಬಂದು ಅಂಟಿಕೊಳ್ಳುವ ತಾಣಗಳ) ಮೇಲೆ ಅದರ ಪರಿಣಾಮವನ್ನು ಹೆಚ್ಚಿಸಿ ನಿದ್ರೆ ತರಿಸುತ್ತದೆ. ಬ್ಯಾಕ್ಲೋಫೆನ್ 'ಬಿ' ಬಗೆಯ ಗ್ರಾಹಕಗಳನ್ನು ಪ್ರಚೋದಿಸುತ್ತದೆ. ಬೆನ್ನುಹುರಿಯಲ್ಲಿ ಸ್ನಾಯುವನ್ನು ಎಡೆಬಿಡದೆ ಬಿಗಿಸುತ್ತಿರುವ ಸಂಕೇತಗಳು ಅದರಿಂದ ತಗ್ಗಿ ಕಾಲು ಸಡಿಲಗೊಳ್ಳುತ್ತದೆ. ಆದರೆ ಅದು ಮಿದುಳನ್ನೂ ತಲುಪುವುದರಿಂದ ಮಂಪರು ತರಿಸುತ್ತದೆ. ಎರಡೂ ಸೇರಿದರೆ ಮಂಪರು ಹೆಚ್ಚಾಗಿ, ರಾತ್ರಿ ಎದ್ದಾಗ ಬೀಳುವ ಭಯವೂ ಇರುತ್ತದೆ. ಮಹಿಳೆಯರ ದೇಹದಿಂದ ಜೋಲ್ಪಿಡೆಮ್ ನಿಧಾನವಾಗಿ ಹೊರಹೋಗುವ ಕಾರಣ, 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಅವರ ಆರಂಭಿಕ ಪ್ರಮಾಣವನ್ನು 10ರಿಂದ 5 ಮಿಲಿಗ್ರಾಂಗೆ ಇಳಿಸಿತು. ವಯಸ್ಸಾದವರಿಗೂ 5 ಮಿಲಿಗ್ರಾಂ ಸೂಕ್ತವೆನ್ನುತ್ತಾರೆ. ಈ ಪ್ರಮಾಣದ ಬಗ್ಗೆ ವೈದ್ಯರನ್ನು ಖಂಡಿತ ಕೇಳಿ.

ಉತ್ತರ 2 (ವೈದ್ಯೆ)
ಮೇಲಿನ ವಿವರಣೆ ಸರಿಯಾಗಿದೆ. ನನಗೆ ಹೆಚ್ಚು ಆತಂಕ ತರುವುದು ಮೂತ್ರಪಿಂಡ. ಮೆಟ್‌ಫಾರ್ಮಿನ್ ಮತ್ತು ಬ್ಯಾಕ್ಲೋಫೆನ್ ಎರಡೂ ಬಹುಮಟ್ಟಿಗೆ ಅದರ ಮೂಲಕವೇ ಹೊರಹೋಗುತ್ತವೆ, ಹಳೆಯ ಸಕ್ಕರೆ ಕಾಯಿಲೆ ಹಾನಿಮಾಡುವುದೂ ಅದಕ್ಕೇ. ಅದು ದುರ್ಬಲವಾಗಿದ್ದರೆ ಬ್ಯಾಕ್ಲೋಫೆನ್ ದೇಹದಲ್ಲಿ ಉಳಿದು ಗೊಂದಲ ಹಾಗೂ ಗಾಢ ಮಂಪರು ಉಂಟುಮಾಡಬಹುದು. ಆದ್ದರಿಂದ ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಇತ್ತೀಚೆಗೆ ಆಗಿದೆಯೇ ನೋಡಿ.

ಮತ್ತೊಂದು ಮಾತು: ಸಕ್ಕರೆ ಕುಸಿದಾಗಲೂ ಬೆವರು, ನಡುಕ, ಗೊಂದಲ ಬರುತ್ತವೆ, ನಿದ್ರೆಮಾತ್ರೆಯ ಅಮಲಿನಲ್ಲಿ ಅವು ಅವರ ಗಮನಕ್ಕೆ ಬಾರದೇ ಹೋಗಬಹುದು, ನೀವೂ ಅದನ್ನು ಬರೀ ನಿದ್ದೆಯ ಮಂಪರು ಎಂದುಕೊಳ್ಳಬಹುದು. ಮಂಪರಿರುವಾಗ ಗ್ಲೂಕೋಮೀಟರ್‌ನಲ್ಲಿ ಪರೀಕ್ಷಿಸಿ. 70 ಮಿಲಿಗ್ರಾಂಗಿಂತ ಕಡಿಮೆ ಇದ್ದು ನುಂಗಬಲ್ಲಷ್ಟು ಎಚ್ಚರವಿದ್ದರೆ ತಕ್ಷಣ ಸಕ್ಕರೆ ನೀರು ಕೊಡಿ. ಎಚ್ಚರವಿಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದಗಳು. ಮಂಪರಿಗೆ ಯಾವುದು ಕಾರಣವೆಂದು ತಿಳಿಯಲು ಬ್ಯಾಕ್ಲೋಫೆನ್ ಅನ್ನು ಕೆಲವು ದಿನ ನಿಲ್ಲಿಸಿ ನೋಡಬಹುದೇ?

ಉತ್ತರ 2 (ವೈದ್ಯೆ)
ದಯವಿಟ್ಟು ಹಾಗೆ ಮಾಡಬೇಡಿ. ಅದನ್ನು ಒಮ್ಮೆಲೇ ನಿಲ್ಲಿಸಿದರೆ ಭ್ರಮೆ, ಅಪಸ್ಮಾರದಂತಹ ಸೆಳವು, ಮೊದಲಿಗಿಂತ ತೀವ್ರವಾದ ಬಿಗಿತ ಬರಬಹುದು. ಕಡಿಮೆ ಮಾಡಬೇಕಾದರೂ ವೈದ್ಯರು ಹಂತ ಹಂತವಾಗಿ ಇಳಿಸುತ್ತಾರೆ. ನಿತ್ಯ ತೆಗೆದುಕೊಳ್ಳುತ್ತಿದ್ದ ನಿದ್ರೆಮಾತ್ರೆಗೂ ಇದೇ ಎಚ್ಚರಿಕೆ ಬೇಕು. ಎಲ್ಲ ಚೀಟಿಗಳನ್ನೂ ಒಟ್ಟಿಗೆ ತೆಗೆದುಕೊಂಡು ಹೋಗಿ ಒಬ್ಬರೇ ವೈದ್ಯರಿಗೆ ತೋರಿಸಿ.