ಪಾಂಡವಪುರ ಹತ್ರದ ಹಳೇ ಬ್ಯಾರಕ್ ಕೆಡವುತ್ತಾರಂತೆ, ಇದು ನಿಜಕ್ಕೂ ಫ್ರೆಂಚರದ್ದಾ?

ಹಿರೋಡೆ ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮೂರು ಪಾಂಡವಪುರದ ಪಕ್ಕ. ಊರಾಚೆ ಒಂದು ಉದ್ದನೆಯ ಹಳೇ ಕಟ್ಟಡ ಇದೆ. ಎರಡು ಮೊಳ ದಪ್ಪದ ಗೋಡೆ, ಮುಂದೆ ಕಮಾನಿನ ಜಗುಲಿ, ತಾರಸಿ ಅರ್ಧ ಕುಸಿದಿದೆ. ನಮ್ಮ ತಾತ ಅದನ್ನು ಬ್ಯಾರಕ್ಕು ಅಂತಲೇ ಕರೆಯುತ್ತಿದ್ದರು. ಚಿಕ್ಕವರಿದ್ದಾಗ ದನ ಮೇಯಿಸಲು ಹೋಗಿ ಮಳೆ ಬಂದರೆ ಕರು ಸಮೇತ ಅಲ್ಲೇ ನಿಲ್ಲುತ್ತಿದ್ದೆವು. ಈಗ ಅದನ್ನು ಕೆಡವಿ ಸಮುದಾಯ ಭವನ ಕಟ್ಟುವ ಮಾತು ನಡೆದಿದೆ. ಬೇಡ ಅಂದರೆ, ಫ್ರೆಂಚರು ಕಟ್ಟಿದ್ದು ಅಂತ ತೋರಿಸು, ಆಮೇಲೆ ನೋಡೋಣ ಅನ್ನುತ್ತಾರೆ. ತಿಳಿದವರು ದಯವಿಟ್ಟು ಹೇಳಿ, ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ.

ಕುಂತಿಬೆಟ್ಟದ ನೆರಳು:
ತಮ್ಮಾ, ಫ್ರೆಂಚರ ಹೆಸರು ನಂಬಿಕೊಂಡು ಹೋಗಬೇಡ, ಅಲ್ಲೇ ಸೋಲುತ್ತೀಯ. ಹೈದರ್ ಮತ್ತು ಟಿಪ್ಪು ಕಾಲದಲ್ಲಿ ಅವರ ಕಡೆ ಇದ್ದ ಫ್ರೆಂಚ್ ಸೈನಿಕರು ಇಲ್ಲಿ ಬೀಡು ಬಿಟ್ಟಿದ್ದು ನಿಜ, ಹಿರೋಡೆಗೆ, ಅಂದರೆ ಈಗಿನ ಪಾಂಡವಪುರಕ್ಕೆ, ಫ್ರೆಂಚ್ ರಾಕ್ಸ್ ಅಂತ ಹೆಸರು ಬಂದದ್ದೂ ಅದರಿಂದಲೇ. ಶ್ರೀರಂಗಪಟ್ಟಣದಲ್ಲಿರುವ ಟಿಪ್ಪುವಿನ ದರಿಯಾ ದೌಲತ್ ಅರಮನೆ ಗೋಡೆ ಮೇಲೆ, ಹೈದರ್ ಟಿಪ್ಪು ಬ್ರಿಟಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಯುದ್ಧದ ಚಿತ್ರ ಇದೆಯಲ್ಲ, ಅದರಲ್ಲಿ ದುರ್ಬೀನು ಹಿಡಿದಿರುವ ಫ್ರೆಂಚ್ ಅಧಿಕಾರಿ ಲಾಲಿ ಆ ಸೈನಿಕರ ಪೈಕಿಯವನೇ. ಆದರೆ 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಕಥೆ ಮುಗಿಯಿತು.

ಆಮೇಲೆ ಬಹಳ ವರ್ಷ ಇಲ್ಲಿದ್ದದ್ದು ಬ್ರಿಟಿಷರ ದಂಡು. ಅದರಲ್ಲೂ ಜಾಸ್ತಿ ಇದ್ದವರು ಮದ್ರಾಸ್ ಸೇನೆಯ ಸಿಪಾಯಿಗಳು, ಅಂದರೆ ನಮ್ಮ ದಕ್ಷಿಣದವರೇ. ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಬರುತ್ತಿದ್ದರು. 1881ರಲ್ಲಿ ರಾಜ್ಯ ಮತ್ತೆ ಒಡೆಯರ ಕೈಗೆ ಬಂತು, ಅದರ ಹಿಂದೆಯೇ ಇಲ್ಲಿನ ದಂಡೂ ಖಾಲಿಯಾಯಿತು.

ಇನ್ನೊಂದು ವಿಷಯ. ಆ ಕಾಲದಲ್ಲಿ ಬ್ಯಾರಕ್ ಇದ್ದದ್ದು ಹೆಚ್ಚಾಗಿ ಬಿಳಿ ಸೈನಿಕರಿಗೆ. ಸಿಪಾಯಿಗಳು ಲೈನ್ ಅನ್ನುವ ಗುಡಿಸಲು ಸಾಲುಗಳಲ್ಲಿ ಇರುತ್ತಿದ್ದರು, ಆ ಗುಡಿಸಲು ಎಂದೋ ಮಣ್ಣಾಗಿವೆ. ಹಾಗಾಗಿ ನಿಮ್ಮ ಕಟ್ಟಡ ದಂಡಿನದೇ ಆಗಿದ್ದರೆ, ಅದು ಆಸ್ಪತ್ರೆಯೋ ಮದ್ದುಗುಂಡು ಇಡುವ ಮದ್ದಿನ ಮನೆಯೋ ಕಾವಲು ಮನೆಯೋ ಆಗಿರಬಹುದು. ನನಗಂತೂ ಇದು ಫ್ರೆಂಚರ ಕಟ್ಟಡ ಅನ್ನುವುದಕ್ಕಿಂತ ದೊಡ್ಡ ವಿಷಯ. ಆ ಸಿಪಾಯಿಗಳು ಜ್ವರ ಬಂದು ಮಲಗಿದ ಜಾಗ ಇದ್ದರೆ ಅದನ್ನು ನಾವಲ್ಲದೆ ಇನ್ಯಾರು ಉಳಿಸಬೇಕು?

ಗಾರೆ ಮೇಸ್ತ್ರಿ ಮಗ, ಮಂಡ್ಯ:
ಅಣ್ಣ, ಫೋಟೋ ಹಾಕಿ. ಒಂದು ಮಾತು ಮಾತ್ರ ಈಗಲೇ ಹೇಳುತ್ತೇನೆ, ದಯವಿಟ್ಟು ಯಾರೂ ಪ್ರೀತಿಯಿಂದ ಸಿಮೆಂಟ್ ಮೆತ್ತಬೇಡಿ. ಸುಣ್ಣದ ಗಾರೆ ಗೋಡೆ ತೇವ ಹೀರಿ ತೇವ ಬಿಡುತ್ತದೆ, ಮೇಲೆ ಸಿಮೆಂಟ್ ಬಳಿದರೆ ನೀರು ಒಳಗೇ ಸಿಕ್ಕಿಕೊಂಡು ಇಟ್ಟಿಗೆ ಪುಡಿಯಾಗುತ್ತದೆ. ಮೊದಲು ತಾರಸಿ ಮೇಲೆ ಬೆಳೆದ ಅರಳಿ ಗಿಡದ ಬೇರು ನೋಡಿ. ಎಳೆದು ಕೀಳಬೇಡಿ, ಗೋಡೆಯೇ ಕಿತ್ತು ಬರುತ್ತದೆ. ಬುಡಕ್ಕೆ ಕತ್ತರಿಸಿ ಬೇರು ಸಾಯಿಸಬೇಕು. ಮಳೆಗಾಲಕ್ಕೆ ಮುಂಚೆ ಒಂದು ಶೀಟ್ ಹೊದಿಸಿದರೂ ಸಾಕು, ಗೋಡೆ ಉಳಿಯುತ್ತದೆ.

ಆಗಲ್ಲ ಅನ್ನುವವರಿಗೆ ಶ್ರೀರಂಗಪಟ್ಟಣ ಸ್ಟೇಷನ್ ಹತ್ರದ ಟಿಪ್ಪು ಕಾಲದ ಮದ್ದಿನ ಮನೆ ತೋರಿಸಿ. ಜೋಡಿ ರೈಲು ಹಳಿಗೆ ಅಡ್ಡ ಬಂತು ಅಂತ 2017ರಲ್ಲಿ ಸುಮಾರು 1000 ಟನ್ ತೂಕದ ಆ ಕಟ್ಟಡವನ್ನು ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದರು. ನಾನು ಕೆಲಸಕ್ಕೆ ರಜೆ ಹಾಕಿ ನೋಡಲು ಹೋಗಿದ್ದೆ, ಕಣ್ಣಲ್ಲಿ ನೀರು ಬಂತು.

ನಿವೃತ್ತ ಸರ್ವೆಯರ್:
ಮಗು, ವಾದ ಆಮೇಲೆ, ಮೊದಲು ಕಾಗದ. ಆ ಜಾಗದ ಸರ್ವೆ ನಂಬರ್ ತೆಗೆದುಕೊಂಡು ಪಹಣಿ, ಆಕಾರ್‌ಬಂದ್ (ಜಮೀನಿನ ವಿಸ್ತೀರ್ಣ, ಕಂದಾಯ ಬರೆದ ದಾಖಲೆ), ಹಳೇ ಗ್ರಾಮ ನಕ್ಷೆಗೆ ಅರ್ಜಿ ಹಾಕು. ಸರ್ಕಾರಿ ಜಾಗವಾ, ಸಾಗುವಳಿಗೆ ಬಾರದ ಖರಾಬು ಜಾಗವಾ, ಯಾವುದಾದರೂ ಇಲಾಖೆಯದ್ದಾ ಅಂತ ತಿಳಿಯದೆ ಒಂದು ಹೆಜ್ಜೆಯೂ ಇಡಬೇಡ. ಮೈಸೂರಿನಲ್ಲೇ ರಾಜ್ಯ ಪುರಾತತ್ವ ಇಲಾಖೆ ಇದೆ, ಹಳೇ ಸ್ಮಾರಕಗಳ ಬಗ್ಗೆ ಇರುವ ರಾಜ್ಯದ 1961ರ ಕಾಯ್ದೆ ಪ್ರಕಾರ ಸಂರಕ್ಷಿತ ಸ್ಮಾರಕ ಅಂತ ಘೋಷಿಸಲು ಕೇಳಬಹುದು. ಅದಕ್ಕೆ ವರ್ಷಗಳೇ ಹಿಡಿಯುತ್ತವೆ, ಕಾಯುತ್ತಾ ಕೂತರೆ ಜೆಸಿಬಿ ಮೊದಲು ಬರುತ್ತದೆ. ಗ್ರಾಮಸಭೆಯಲ್ಲಿ ಎದ್ದು ನಿಂತು ನಿನ್ನ ಆಕ್ಷೇಪವನ್ನು ನಡಾವಳಿಯಲ್ಲಿ ಬರೆಸು.

ಜನರಿಗೆ ಭವನ ಬೇಕೇ ಬೇಕು, ಅದು ತಪ್ಪಲ್ಲ. ಮದುವೆಗೆ ಪಾಂಡವಪುರದ ಛತ್ರಕ್ಕೆ ಹಣ ಸುರಿಯಬೇಕು ಅಂದರೆ ಯಾರಿಗೆ ತಾನೇ ಕಷ್ಟ ಅಲ್ಲ? ಭವನ ಪಕ್ಕದ ಖಾಲಿ ಜಾಗದಲ್ಲಿ ಬರಲಿ, ಹಳೇ ಕಟ್ಟಡ ರಿಪೇರಿಯಾಗಿ ಮಕ್ಕಳ ಓದುವ ಮನೆಯಾಗಲಿ ಅಂತ ಕೇಳು. ಬೇಡ ಅನ್ನುವವನಿಗಿಂತ ಹೀಗೆ ಮಾಡೋಣ ಅನ್ನುವವನ ಮಾತು ಸಭೆಯಲ್ಲಿ ನಡೆಯುತ್ತದೆ.

ಹಿರೋಡೆ ಹುಡುಗ:
ಎಲ್ಲರಿಗೂ ಕೈ ಮುಗಿದೆ. ಇವತ್ತು ಹೋಗಿ ಅಳತೆ ಹಿಡಿದೆ, ಉದ್ದ 62 ಅಡಿ, ಅಗಲ 21. ಕಿಟಕಿಗಳು ಎದುರುಬದುರು, ಎತ್ತರದಲ್ಲಿವೆ, ಮೇಲೆ ಗಾಳಿಗೆ ಬಿಟ್ಟ ಕಿಂಡಿಗಳೂ ಇವೆ. ಆಸ್ಪತ್ರೆಯೇ ಇರಬಹುದಾ ಕುಂತಿಬೆಟ್ಟದಣ್ಣ? ತಾರಸಿ ಮೇಲೆ ಅರಳಿ ಗಿಡ ಮೂರು ಇವೆ. ನಕ್ಷೆಗೆ ಸೋಮವಾರ ಅರ್ಜಿ ಹಾಕುತ್ತೇನೆ. ಮೇಸ್ತ್ರಿ ಮಗ ಅವರೇ, ಭಾನುವಾರ ಬಿಡುವಿದ್ದರೆ ಬನ್ನಿ, ಊಟ ನಮ್ಮ ಮನೆಯಲ್ಲೇ.