ಬೆಂಚು, ಬಾಂಕ್, ಬ್ಯಾಂಕು: ಮೂರೂ ಒಂದೇ ಮಾತಾ?

ಪ್ರಶ್ನೆ: ಮೇಡಂ, ನಮ್ಮದು ಕಾರವಾರದ ಕಡೆ, ಮನೆಮಾತು ಕೊಂಕಣಿ. ಜಗಲಿಯ ಉದ್ದ ಬೆಂಚಿಗೆ ಅಜ್ಜಿ 'ಬಾಂಕ್' ಅಂತಾರೆ. ಬೆಂಚು ಅನ್ನೋಕೆ ಬರದೆ ಹಾಗಂತಾರೆ ಅಂತ ತಮ್ಮನ ವಾದ. ನಿಜವಾ? ದುಡ್ಡಿಡೋ ಬ್ಯಾಂಕಿಗೂ ಇದಕ್ಕೂ ಸಂಬಂಧ ಇದೆಯಾ?

ಉತ್ತರ: ಅಜ್ಜಿಯ ಮಾತು ಸರಿಯಾಗಿಯೇ ಇದೆ. ಅದು ನಮ್ಮ ಕರಾವಳಿಗೆ ಬೆಂಚಿಗಿಂತ ಮೊದಲೇ ಬಂದ ಮಾತು.

ಇಂಗ್ಲಿಷ್, ಜರ್ಮನ್, ಸ್ವೀಡಿಷ್ ಭಾಷೆಗಳ ತಾಯಿಭಾಷೆಯಲ್ಲಿ 'ಬಾಂಕಿಜ್' ಅನ್ನುವಂಥ ಒಂದು ಮಾತಿತ್ತು. ಬರಹದಲ್ಲಿ ಅದು ಸಿಕ್ಕಿಲ್ಲ, ಮಕ್ಕಳ ಭಾಷೆಗಳನ್ನು ಹೋಲಿಸಿ ಕಟ್ಟಿಕೊಂಡ ರೂಪ. ಇಂಗ್ಲಿಷಿನಲ್ಲಿ ಆ ಕೊನೆಯ 'ಇ' ಎರಡು ಕೆಲಸ ಮಾಡಿತು. ಹಿಂದಿನ 'ಆ'ವನ್ನು 'ಎ' ಮಾಡಿತು, 'ಕ'ವನ್ನು 'ಚ' ಮಾಡಿತು. ಆಮೇಲೆ ತಾನೇ ಬಿದ್ದುಹೋಯಿತು. ಉಳಿದದ್ದು ಬೆಂಚ್. ನಮ್ಮಲ್ಲೂ ಇಂಥದ್ದು ಉಂಟಲ್ವಾ? ನಮ್ಮ 'ಕಿವಿ' ತೆಲುಗಿನಲ್ಲಿ 'ಚೆವಿ', ನಮ್ಮ 'ಕೆರೆ' ಅವರಿಗೆ 'ಚೆರುವು'. ಇ, ಎ ಪಕ್ಕದಲ್ಲಿದ್ದರೆ 'ಕ' ಮೆತ್ತಗಾಗುತ್ತದೆ. ಕನ್ನಡ 'ಕ'ವನ್ನು ಬಿಡಲಿಲ್ಲ. ಜರ್ಮನ್ನರೂ ಬಿಡಲಿಲ್ಲ, ಅವರಿಗೆ ಇವತ್ತಿಗೂ ಬೆಂಚು ಅಂದರೆ 'ಬಾಂಕ್'. ಥೇಟ್ ನಿಮ್ಮ ಅಜ್ಜಿಯ ಹಾಗೆ!

ಆದರೆ ಅಜ್ಜಿಗೆ ಅದು ಜರ್ಮನಿಯಿಂದ ನೇರ ಬಂದದ್ದಲ್ಲ. ಆ ತಾಯಿಭಾಷೆಯಿಂದ ಹುಟ್ಟಿದ ಮಾತುಗಳನ್ನಾಡುತ್ತಿದ್ದ ಜರ್ಮನಿಕ್ ಪಂಗಡಗಳು ರೋಮನ್ನರ ನಾಡುಗಳಲ್ಲಿ ನೆಲೆಸಿದಾಗ ಅವರ ಮಾತು ಅಲ್ಲಿನವರ ಬಾಯಿಗೂ ಹತ್ತಿತು. ಹಾಗಾಗಿ ಇಟಾಲಿಯನ್ನಿನಲ್ಲೂ ಪೋರ್ಚುಗೀಸಿನಲ್ಲೂ ಬೆಂಚಿಗೆ 'ಬಾಂಕೊ'. 1510ರಲ್ಲಿ ಗೋವಾ ಪೋರ್ಚುಗೀಸರ ಕೈಸೇರಿತು. ಅವರ ಬಾಂಕೊ ಕೊಂಕಣಿಗೆ ಬಾಂಕ್ ಆಯಿತು, ಮರಾಠಿಗೆ 'ಬಾಕ' ಆಯಿತು.

ಇನ್ನು ದುಡ್ಡಿನ ಬ್ಯಾಂಕು. ಫ್ಲಾರೆನ್ಸ್, ಜಿನೋವಾ ಥರದ ಇಟಲಿಯ ಊರುಗಳಲ್ಲಿ ನಾಣ್ಯ ಬದಲಿಸಿಕೊಡುವವರು ಬೆಂಚು ಹಾಕಿ, ಅದರ ಮೇಲೆ ನಾಣ್ಯ ಎಣಿಸಿ ವ್ಯವಹಾರ ಮಾಡುತ್ತಿದ್ದರು. ಆ ಬೆಂಚಿನ ಹೆಸರೇ ವ್ಯವಹಾರಕ್ಕೂ ಅಂಟಿತು. ಫ್ರೆಂಚರ ಮೂಲಕ ಇಂಗ್ಲಿಷಿಗೆ ಹೋಯಿತು. 1694ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಶುರುವಾಗುವ ಹೊತ್ತಿಗೆ ಬೆಂಚಿನ ನೆನಪು ಯಾರಿಗೂ ಇರಲಿಲ್ಲ ಅನಿಸುತ್ತದೆ. ಆಮೇಲೆ ಇಂಗ್ಲಿಷರ ಜೊತೆ ಅದೂ ಇಲ್ಲಿಗೆ ಬಂತು, ಬೆಂಚೂ ಬಂತು. ನನಗೆ ತುಂಬಾ ಇಷ್ಟವಾಗುವುದು ಇದೇ. ಒಂದೇ ಮಾತು ಮೂರು ವೇಷದಲ್ಲಿ ನಿಮ್ಮ ಮನೆಗೆ ಬಂದಿದೆ.

ಇನ್ನೊಬ್ಬರ ಪ್ರಶ್ನೆ: ಸಾಲ ತೀರಿಸದವನ ಬೆಂಚು ಮುರಿದುಹಾಕ್ತಿದ್ದರು, ಅದಕ್ಕೇ 'ಬ್ಯಾಂಕ್‌ರಪ್ಟ್' ಅಂತ ಕೇಳಿದ್ದೇನೆ. ಹೌದಾ ಮೇಡಂ?

ಉತ್ತರ: ಇಟಾಲಿಯನ್ನಿನ 'ಬಾಂಕಾ ರೊತ್ತಾ' ಅಂದರೆ ಮುರಿದ ಬೆಂಚು, ಅದು ಖಂಡಿತ. ನಿಜವಾಗಿ ಕೊಡಲಿ ತಂದು ಒಡೆಯುತ್ತಿದ್ದರು ಅನ್ನುವುದನ್ನು ನಾನು ಪಾಠದಲ್ಲಿ ಹೇಳುವುದಿಲ್ಲ. ನಾವು ಸಹ 'ಮನೆ ಮುರೀತು' ಅಂತೀವಿ, ಗೋಡೆ ಬಿದ್ದಿರಬೇಕಿಲ್ಲ.

ಕಾರವಾರದವರೇ, ಅಜ್ಜಿ ಕುರ್ಚಿಗೆ ಏನಂತಾರೆ ಕೇಳಿ ಬರೆಯಿರಿ. 'ಕದೆಲ್' ಅಂದರೆ ಅದೂ ಪೋರ್ಚುಗೀಸರದ್ದೇ. ಅವರು ಹೇಳಿದ ಹಾಗೇ ಬರೆಯಿರಿ, ತಿದ್ದಬೇಡಿ.