ಪದಚರ್ಚೆ: 'ಸೇವ್ ದ ಡೇಟ್' ಕಾರ್ಡಿಗೆ ಕನ್ನಡದಲ್ಲಿ ಏನು ಬರೆಯೋದು? (ಸೋಮವಾರದೊಳಗೆ ಬೇಕು)

ಸರಸ್ವತಿಪುರಂ, ಮೈಸೂರು:

ಎಲ್ಲರಿಗೂ ನಮಸ್ಕಾರ. ಚಿಕ್ಕಪ್ಪನ ಮಗಳ ಮದುವೆ ಮಾಘದಲ್ಲಿ. ಹುಡುಗನ ಕಡೆ ಅರ್ಧ ಜನ ಅಮೆರಿಕದಲ್ಲಿದ್ದಾರೆ. ಅಲ್ಲಿ ಆಹ್ವಾನ ಪತ್ರಿಕೆಗೂ ಮುಂಚೆ, ಆರೆಂಟು ತಿಂಗಳಿರುವಾಗಲೇ, 'ಸೇವ್ ದ ಡೇಟ್' ಅಂತ ಒಂದು ಕಾರ್ಡು ಹೋಗುತ್ತದಂತೆ. ರಜೆ, ಟಿಕೆಟ್ಟು ನೋಡಿಕೊಳ್ಳಲಿ ಅಂತ. ಹೆಸರು, ತಾರೀಖು, ಊರು, ಅಷ್ಟೇ ಇರೋದು.

ಅದನ್ನು ನಾವೇ ಮನೆಯಲ್ಲಿ ಮಾಡುತ್ತಿದ್ದೇವೆ. ಗಂಜೀಫಾ (ಹಳೆಯ ಕಾಲದ, ಚಿತ್ರ ಬರೆದ ಇಸ್ಪೀಟು) ಎಲೆಯ ಹಾಗೆ ದುಂಡಗೆ ಕತ್ತರಿಸಿದ ಕೈಕಾಗದ, ಅಂಚಿಗೆ ಕುಂಚದ ಕೆಲಸ, ಕಾಗದದೊಳಗೆ ಕಾಮಕಸ್ತೂರಿ ಬೀಜ. ಚೆಂಡುಹೂವಿನ ಬೀಜ ಹಾಕಿ ನೋಡಿದೆವು, ಅದು ಉದ್ದ; ಕಾಗದ ಉಬ್ಬಿ ಅಚ್ಚು ಸರಿಯಾಗಿ ಕೂರುವುದಿಲ್ಲ. ನಡುವಿನ ಬರಹ ಲಿನೋ ಅಚ್ಚಿನದು, ಅಂದರೆ ಮೆತ್ತನೆ ಲಿನೋಲಿಯಂ ಹಾಳೆಯಲ್ಲಿ ಕೆತ್ತಿ, ಶಾಯಿ ಹಚ್ಚಿ ಒತ್ತುವುದು. ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿ ಕೆತ್ತಬೇಕು. ಒತ್ತಕ್ಷರ ಸಣ್ಣದಾದರೆ ಸುರುಳಿಯೊಳಗೆ ಶಾಯಿ ತುಂಬಿ ಬರೀ ಚುಕ್ಕೆಯಾಗುತ್ತದೆ. ಹಾಗಾಗಿ ಎರಡೇ ಪದ ಬೇಕು, ಒತ್ತು ಆದಷ್ಟು ಕಡಿಮೆ.

ಹುಡುಗನ ಕಡೆಯವರು 'ದಿನಾಂಕ ಉಳಿಸಿ' ಅಂತ ಕಳಿಸಿದ್ದಾರೆ. ನಮ್ಮಪ್ಪ ಓದಿ, "ಇದೇನು ಕರೆಂಟ್ ಆಫೀಸಿನ ಬೋರ್ಡಾ?" ಅಂದರು.

ಕುವೆಂಪುನಗರ:

'ದಿನ ಕಾಯ್ದಿರಿಸಿ'. ಮುಗೀತು.

ಜಯಲಕ್ಷ್ಮೀಪುರಂ:

ಕಾದಿರಿಸಿ. ಕಾಯ್ದಿರಿಸಿ ಅಲ್ಲ. ರೈಲ್ವೆಯವರ ಕನ್ನಡವನ್ನು ಮದುವೆ ಮನೆಗೆ ತರಬೇಡಿ.

ಕುವೆಂಪುನಗರ:

ಎರಡೂ 'ಕಾಯ್' ಧಾತುವಿನದೇ, ಎರಡೂ ಬಳಕೆಯಲ್ಲಿವೆ. ಬೇರೆ ಕೆಲಸ ನೋಡಿ ಸ್ವಾಮಿ.

ವಿಜಯನಗರ 2ನೇ ಹಂತ:

'ದಿನಾಂಕ' ಸಂಸ್ಕೃತ, 'ತಾರೀಖು' ಅರಬ್ಬಿ. ಎರಡನ್ನೂ ಬಿಡಿ. ಕಾರ್ಡಿಗೇ ಒಂದು ಹೆಸರು ಕೊಡಿ: ಮುನ್ನೋಲೆ. ಮುನ್ನೋಟ ಇದ್ದ ಹಾಗೆ ಮುನ್ನೋಲೆ. ಕರೆಯೋಲೆಗೆ ಮುಂಚೆ ಬರುವುದು ಮುನ್ನೋಲೆ. ಓಲೆ ಅಂದರೆ ತಾಳೆಗರಿ. ಕಿವಿಯ ಓಲೆಗೂ ಅದೇ ಮೂಲ, ಗರಿಯನ್ನೇ ಸುರುಳಿ ಸುತ್ತಿ ಕಿವಿಗೆ ಇಡುತ್ತಿದ್ದರು. ಇಷ್ಟು ಅಚ್ಚುಕಟ್ಟಾದ ಪದ ಮನೆಯಲ್ಲಿಟ್ಟುಕೊಂಡು 'ಪತ್ರಿಕೆ' ಅಂತ ಯಾಕೆ ಎರವಲು ತರಬೇಕೋ ನನಗೆ ತಿಳಿಯದು. ಅದರ ಅರ್ಥವೂ ಎಲೆಯೇ.

ಕುವೆಂಪುನಗರ:

ಅವರ ಕಾರ್ಡು ಗಂಜೀಫಾ, ಪಾರಸಿ. ಕಾಗದ, ಪಾರಸಿ. ಶಾಯಿ, ಅದೂ ಪಾರಸಿ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಗಂಜೀಫಾದಲ್ಲಿ ಹೊಸ ಹೊಸ ಆಟ ಕಟ್ಟಿ, ಚಿತ್ರಗಾರರಿಂದ ದೇವರುಗಳನ್ನು ಬರೆಸಿ ಅದನ್ನು ಮೈಸೂರಿನದೇ ಮಾಡಿಕೊಂಡರು. ಹೆಸರು ಬದಲಾಯಿಸಿ ಅಂತ ಯಾರೂ ಅವರಿಗೆ ಅರ್ಜಿ ಹಾಕಲಿಲ್ಲ.

ವಿಜಯನಗರ 2ನೇ ಹಂತ:

ವಸ್ತು ಬಂದರೆ ಹೆಸರೂ ಬರುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ಇಲ್ಲಿ ಬಂದಿರುವುದು ವಸ್ತುವಲ್ಲ, ಗೀಳು.

ಧಾರವಾಡ (ಈಗ ಬೋಗಾದಿ):

ಇಷ್ಟ್ಯಾಕ ಜಗಳ್ರೀ? 'ತಿಥಿ ನೆನಪಿರಲಿ' ಅಂತ ಬರೀರಿ, ಚೆಂದ ಕಾಣ್ತದ.

ಮಂಡ್ಯ, ನಿವೃತ್ತ ಮೇಷ್ಟ್ರು:

ಅಣ್ಣಾ, ದಯವಿಟ್ಟು ಬೇಡ. ಮಂಡ್ಯ ಕಡೆಗೆ 'ತಿಥಿ' ಅಂತ ಕಾರ್ಡು ಬಂದ್ರೆ ಮೊದಲು ಬರೋ ಫೋನು 'ಯಾರು ಹೋದ್ರು?' ಅಂತ. ಪಂಚಾಂಗದ ತಿಥಿ ಪಂಚಾಂಗದಲ್ಲೇ ಇರಲಿ.

ಕೇಳಿದ ಮಗಳಿಗೆ ಒಂದು ಮಾತು. 'ಸೇವ್'ಗೆ ಯಾವ ಪದ, 'ಡೇಟ್'ಗೆ ಯಾವ ಪದ ಅಂತ ಎಲ್ಲರೂ ತಕ್ಕಡಿ ಹಿಡಿದು ಕೂತಿದ್ದಾರೆ. ನಮ್ಮಲ್ಲಿ ಒಪ್ಪುವೀಳ್ಯ ಮುಗಿಸಿ ಬಂದ ಹೆಂಗಸರು ಬೀದಿಯಲ್ಲಿ ಸಿಕ್ಕವರಿಗೆ ಏನು ಹೇಳುತ್ತಾರೆ? "ದಿನ ಗೊತ್ತಾಯ್ತು ಕಣವ್ವ." ಅದೇ ನಿಮ್ಮ ಕಾರ್ಡು. 'ಗೊತ್ತು' ಪದದಲ್ಲಿ ನಿಶ್ಚಯವೂ ಇದೆ, ತಿಳಿವಳಿಕೆಯೂ ಇದೆ. ಗೊತ್ತುಪಡಿಸು, ಗೊತ್ತುವಳಿ ಅಂದಾಗ ಮೊದಲನೆಯದು. ನನಗೆ ಗೊತ್ತು ಅಂದಾಗ ಎರಡನೆಯದು. ನಾವು ನಿಶ್ಚಯ ಮಾಡಿದ್ದೂ ಆಯಿತು, ನಿಮಗೆ ತಿಳಿಸಿದ್ದೂ ಆಯಿತು. 'ದಿನ ಗೊತ್ತಾಗಿದೆ' ಅಂತ ಕೆತ್ತಿ. ಒತ್ತು ಒಂದೇ.

ಹೊಸ ಆಚಾರ ಬಂದಾಗ ಹಳೆಯ ಆಚಾರದ ಮಾತನ್ನೇ ಎಳೆದು ಹೊಂದಿಸುವುದು ನಮ್ಮ ಜನಕ್ಕೆ ಹೊಸದಲ್ಲ. ರಿಸೆಪ್ಷನ್ನು ಬಂದಾಗ 'ಸ್ವಾಗತ ಕೂಟ' ಅಂತ ಅನುವಾದ ಮಾಡಿಕೊಂಡು ಕೂರಲಿಲ್ಲ. ಆರತಿ, ಅಕ್ಷತೆ ಇದ್ದವು, 'ಆರತಕ್ಷತೆ' ಅಂದರು, ಇವತ್ತು ಸೂಟು ಹಾಕಿ ಕೇಕು ಕತ್ತರಿಸಿದರೂ ಅದು ಆರತಕ್ಷತೆಯೇ. ಮುನ್ನೋಲೆ ಕೇಳಲು ಚೆನ್ನಾಗಿದೆ, ಆದರೆ ಅದು ಕಾರ್ಡಿನ ಹೆಸರು. ಕಾರ್ಡಿನ ಮೇಲೆ ಯಾರಾದರೂ 'ಕಾರ್ಡು' ಅಂತ ಬರೆಯುತ್ತಾರಾ?

ಇನ್ನೊಂದು. ಬೀಜದ ಕಾಗದವನ್ನು ಅಮೆರಿಕಕ್ಕೆ ಅಂಚೆಯಲ್ಲಿ ಹಾಕಬೇಡಿ. ಹೊರಗಿನ ಬೀಜಕ್ಕೆ ಅವರಲ್ಲಿ ಸಸ್ಯ ಆರೋಗ್ಯದ ಪ್ರಮಾಣಪತ್ರ, ಪರವಾನಗಿ ಎಲ್ಲ ಕೇಳುತ್ತಾರೆ, ಇಲ್ಲದಿದ್ದರೆ ಹಿಡಿದಿಟ್ಟುಕೊಳ್ಳುತ್ತಾರೆ. ಅವರಿಗೆ ಬೀಜ ಇಲ್ಲದ್ದು ಮಾಡಿ. ನಮ್ಮ ಕಡೆಗೆ ಕೈಯಲ್ಲಿ ಕೊಡುವಾಗ ಜೊತೆಗೊಂದು ಅಚ್ಚುಬೆಲ್ಲ ಇಟ್ಟರೆ ಯಾರೂ ವ್ಯಾಕರಣ ಕೇಳುವುದಿಲ್ಲ.

ಜಯಲಕ್ಷ್ಮೀಪುರಂ:

ಆರತಕ್ಷತೆ ಆರತಿಯಿಂದ ಬಂದಿಲ್ಲ. ಆರ್ದ್ರ + ಅಕ್ಷತೆ. ಒದ್ದೆ ಅಕ್ಷತೆ. ಮೇಷ್ಟ್ರಾಗಿದ್ದವರು ಇದನ್ನು ತಿಳಿದಿರಬೇಕು.

ಮಂಡ್ಯ, ನಿವೃತ್ತ ಮೇಷ್ಟ್ರು:

ಆರತಿ + ಅಕ್ಷತೆ ಯಣ್ ಸಂಧಿಯಾಗಿ 'ಆರತ್ಯಕ್ಷತೆ', ಬಾಯಲ್ಲಿ ಸವೆದು ಆರತಕ್ಷತೆ. ಒದ್ದೆಯೋ ಒಣಗಿದ್ದೋ, ತಲೆ ಮೇಲೆ ಬಿದ್ದರೆ ಸಾಕು.

ಕುವೆಂಪುನಗರ:

ಮೇಷ್ಟ್ರ ಮಾತಿನಲ್ಲಿ ಒಂದು ಕೊರತೆ. 'ಸೇವ್ ದ ಡೇಟ್' ಅಂದರೆ ವಿಧ್ಯರ್ಥ, ಓದಿದವನಿಗೆ ಒಂದು ಕೆಲಸ ಹೇಳುತ್ತದೆ. 'ದಿನ ಗೊತ್ತಾಗಿದೆ' ಬರೀ ಸುದ್ದಿ. 'ಬಿಡುವು ಮಾಡಿಕೊಳ್ಳಿ' ಅನ್ನುವ ಭಾಗ ಎಲ್ಲಿ?

ಮಂಡ್ಯ, ನಿವೃತ್ತ ಮೇಷ್ಟ್ರು:

ಬಿಡುವು ಮಾಡಿಕೊಳ್ಳಿ ಅಂತ ಹೇಳಿಸಿಕೊಂಡು ಬರುವವನು ನೆಂಟನೇ ಅಲ್ಲ. ದಿನ ಗೊತ್ತಾಗಿದೆ ಅಂತ ಮನೆಗೆ ಬಂದು ಹೇಳಿದ ಮೇಲೆ ಬರದೆ ಇದ್ದವರನ್ನು ನಮ್ಮೂರಲ್ಲಿ ಮೂರು ತಲೆಮಾರು ಆಡಿಕೊಳ್ಳುತ್ತಾರೆ. ವಿಧ್ಯರ್ಥ ಸಾಲದಾ?

ವಿಜಯನಗರ 2ನೇ ಹಂತ:

'ದಿನ' ಕೂಡ ಸಂಸ್ಕೃತ. ಹಳಗನ್ನಡದಲ್ಲಿ 'ನಾಳ್' ಇತ್ತು.

ಕುವೆಂಪುನಗರ:

'ನಾಳ್ ಗೊತ್ತಾಗಿದೆ' ಅಂತ ಬರೆಸಿ, ಮದುವೆ ನಾಳೆ ಅಂದುಕೊಂಡು ಎಲ್ಲರೂ ಇವತ್ತೇ ಬಸ್ಸು ಹತ್ತುತ್ತಾರೆ.

ಸರಸ್ವತಿಪುರಂ, ಮೈಸೂರು:

ಎಲ್ಲರಿಗೂ ಥ್ಯಾಂಕ್ಸ್. 'ದಿನ ಗೊತ್ತಾಗಿದೆ' ಕೆತ್ತಿ ಆಯಿತು. 'ತ್ತಾ' ಒತ್ತನ್ನು ಸ್ವಲ್ಪ ದಪ್ಪ ಬಿಟ್ಟೆವು, ಶಾಯಿ ತುಂಬಲಿಲ್ಲ. ಕೆಳಗೆ ಕೈಬರಹದಲ್ಲಿ 'ಕರೆಯೋಲೆ ಹಿಂದೆಯೇ ಬರುತ್ತದೆ' ಅಂತ ಸೇರಿಸಿದ್ದೇವೆ, ಬೋಗಾದಿ ಸಾರ್ ಹೇಳಿದ ನೆನಪಿರಲಿಯೂ ಅದರಲ್ಲೇ ಬಂತು ಅಂದುಕೊಳ್ಳಿ. ಅಮೆರಿಕದ ಕಾರ್ಡಿಗೆ ಬೀಜ ಹಾಕಿಲ್ಲ. ಅಜ್ಜಿ ಮಾತ್ರ ಲಗ್ನಪತ್ರಿಕೆ ಬರೆಸಿ ದೇವರ ಮುಂದೆ ಇಡುವ ತನಕ ಒಂದೂ ಮನೆಯಿಂದ ಆಚೆ ಹೋಗಕೂಡದು ಅಂದಿದ್ದಾರೆ, ಆದ್ದರಿಂದ ಸೋಮವಾರ ಅಂದದ್ದು ಈಗ ಶುಕ್ರವಾರ.

ವಿಜಯನಗರ 2ನೇ ಹಂತ:

ತಾರೀಖಿನ ಅಂಕಿಗಳನ್ನು ಕನ್ನಡದಲ್ಲಿ ಕೆತ್ತಿದ್ದೀರಿ ತಾನೇ?